ಪಾಲಿಯೇಟಿವ್ ಮನೆ ಭೇಟಿಗೆ ಬಂದ ನರ್ಸಿಂಗ್ ಆ್ಯಪ್: ಬಳಸಿ ನೋಡಿ ಬರೆದದ್ದು

ನಮ್ಮ ಪಾಲಿಯೇಟಿವ್ ಯೂನಿಟ್‌ಗೆ, ಅಂದರೆ ಗುಣವಾಗದ ಕಾಯಿಲೆಯವರನ್ನು, ಹಾಸಿಗೆ ಹಿಡಿದವರನ್ನು ಮನೆಗೇ ಹೋಗಿ ಆರೈಕೆ ಮಾಡುವ ತಂಡಕ್ಕೆ, ಕಳೆದ ಮಳೆಗಾಲದಲ್ಲಿ ಒಂದು ಆ್ಯಪ್ ಬಂತು. ಮನೆ ಭೇಟಿಗೆ ಹೋದ ನರ್ಸ್ ಅಲ್ಲಿ ಏನು ಕಂಡಳು, ಏನು ಮಾಡಿದಳು, ಅದರಿಂದ ಏನಾಯಿತು ಎಂದು ಟ್ಯಾಬ್‌ನಲ್ಲಿ ದಾಖಲಿಸುವ ಆ್ಯಪ್. ನಾನು ಕೇರಳದ ಕಾಸರಗೋಡು ಜಿಲ್ಲೆಯ ಬದಿಯಡ್ಕ, ಪೆರ್ಲ, ಎಣ್ಮಕಜೆ ಕಡೆಯ ಮನೆಗಳಿಗೆ ಹೋಗುವ ನರ್ಸ್. ಬೇರೆ ಯೂನಿಟ್‌ನ ಸಿಸ್ಟರ್‌ಗಳು, ಗಡಿಯಾಚೆ ವಿಟ್ಲ, ಪುತ್ತೂರಿನವರೂ ಫೋನ್ ಮಾಡಿ, "ಹೇಗುಂಟು, ನಾವೂ ತೆಗೆದುಕೊಳ್ಳಬಹುದಾ?" ಅಂತ ಕೇಳುತ್ತಾರೆ. ಎಲ್ಲರಿಗೂ ಫೋನಿನಲ್ಲಿ ಹೇಳಿ ಮುಗಿಯುವ ವಿಷಯ ಅಲ್ಲ. ಹಾಗಾಗಿ ಬರೆಯುತ್ತಿದ್ದೇನೆ.

ಕಂಪನಿಯ ಹೆಸರು ಹಾಕುವುದಿಲ್ಲ. ನನಗೆ ಅವರ ಮೇಲೆ ದೂರುಗಳಿವೆ, ಸರಿಪಡಿಸಲು ಸಮಯ ಕೇಳಿದ್ದಾರೆ, ನಾವು ಕೊಟ್ಟಿದ್ದೇವೆ. ಇಂಥ ಯಾವ ಆ್ಯಪ್ ನಿಮ್ಮೆದುರು ಬಂದರೂ ಎಲ್ಲಿ ಕಣ್ಣಿಡಬೇಕು ಅನ್ನುವುದು ನನಗೆ ಹೆಸರಿಗಿಂತ ಮುಖ್ಯ.

ನನ್ನ ಅಭಿಪ್ರಾಯ ಮೊದಲೇ ಹೇಳಿಬಿಡುತ್ತೇನೆ. ಇದರ ಒಳಗಿರುವ ಪಟ್ಟಿ ಬಹಳ ಒಳ್ಳೆಯದು. ಆ ಪಟ್ಟಿಯನ್ನು ಹೊತ್ತ ಆ್ಯಪ್ ಇನ್ನೂ ಅರೆಬೆಂದದ್ದು.

ಮೊದಲು ನಮ್ಮಲ್ಲಿ ಏನಿತ್ತು ಅಂತ ಹೇಳಬೇಕು. ಕೇರಳದಲ್ಲಿ ಪಾಲಿಯೇಟಿವ್ ಕೆಲಸ 1993ರಲ್ಲಿ ಕೋಯಿಕ್ಕೋಡ್‌ನಲ್ಲಿ ಶುರುವಾಯಿತು. 2008ರಲ್ಲಿ ರಾಜ್ಯ ಸರ್ಕಾರ ಅದಕ್ಕೆಂದೇ ಒಂದು ನೀತಿ ತಂದಿತು. ಈಗ ಪಂಚಾಯತ್‌ನವರು, ಸಂಘದವರು, ಊರ ಯುವಕರು ಎಲ್ಲ ಸೇರಿ ನಡೆಸುವ ಕೆಲಸ ಅದು. ಹಳ್ಳಿಯ ಮನೆ ಬಾಗಿಲಿಗೆ ನರ್ಸ್ ಬರುವುದು ಇಲ್ಲಿ ಹೊಸದೇನೂ ಅಲ್ಲ. ಆದರೆ ಆ ನರ್ಸ್ ಮಾಡಿದ್ದು ಎಲ್ಲಿ ಬರೆದಿರುತ್ತಿತ್ತು? ಒಂದು ನೋಟ್‌ಬುಕ್‌ನಲ್ಲಿ ಮತ್ತು ರೋಗಿಯ ಮನೆಯಲ್ಲಿಟ್ಟ ಕೇಸ್ ಶೀಟ್‌ನಲ್ಲಿ. ಬಿ.ಪಿ. ಇಷ್ಟು. ಡ್ರೆಸ್ಸಿಂಗ್ ಮಾಡಿದೆ. ಕ್ಯಾತೀಟರ್ (ಮೂತ್ರದ ನಳಿಕೆ) ಬದಲಿಸಿದೆ. ಮಗ್ಗುಲು ಬದಲಿಸಲು ಹೇಳಿದೆ. ಜನರಲ್ ಕಂಡೀಷನ್ ಫೇರ್. ಅಷ್ಟೇ. ಒಬ್ಬೊಬ್ಬ ಸಿಸ್ಟರ್‌ದು ಒಂದೊಂದು ರೀತಿ. ಒಬ್ಬರು "ಹುಣ್ಣು ಕಡಿಮೆ" ಅಂತ ಬರೆದರೆ ಇನ್ನೊಬ್ಬರು "ವೂಂಡ್ ಸೇಮ್" ಅಂತ ಬರೆಯುತ್ತಾರೆ. ಯಾವುದಕ್ಕಿಂತ ಕಡಿಮೆ, ಯಾವುದರ ಹಾಗೆ ಸೇಮ್ ಅಂತ ಗೊತ್ತಾಗುವುದಿಲ್ಲ. ಡಾಕ್ಟರ್ ಬರೆದ ಕಾಯಿಲೆಯ ಹೆಸರು ಎಲ್ಲ ಕಡೆ ಒಂದೇ ಇರುತ್ತದೆ. ನಾವು ಆ ಮನೆಯಲ್ಲಿ ಅರ್ಧ ಬೆಳಗ್ಗೆ ಕೂತು ಮಾಡಿದ ಕೆಲಸಕ್ಕೆ ಮಾತ್ರ ಹೆಸರೇ ಇಲ್ಲ. ವರ್ಷದ ಕೊನೆಗೆ ವರದಿಯಲ್ಲಿ ಬರುವುದು ಎಷ್ಟು ಭೇಟಿ, ಎಷ್ಟು ಡ್ರೆಸ್ಸಿಂಗ್, ಎಷ್ಟು ಕ್ಯಾತೀಟರ್ ಎಂಬ ಲೆಕ್ಕ. ಇದು ನನಗೆ ಎಷ್ಟೋ ವರ್ಷಗಳಿಂದ ಕೊರೆಯುತ್ತಿದ್ದ ಸಂಗತಿ.

ಈ ಆ್ಯಪ್ ಒಮಾಹಾ ಸಿಸ್ಟಮ್ ಎಂಬ ಪಟ್ಟಿಯ ಮೇಲೆ ನಿಂತಿದೆ. ಅಮೆರಿಕದ ನೆಬ್ರಾಸ್ಕಾದಲ್ಲಿ ಒಮಾಹಾ ಎಂಬ ಊರಿದೆ. ಅಲ್ಲಿ ಮನೆ ಮನೆಗೆ ಹೋಗುವ ನರ್ಸ್‌ಗಳ ಸಂಸ್ಥೆಯೊಂದು ಇದನ್ನು ಕಟ್ಟಿತು. 1975ರಿಂದ 1993ರ ವರೆಗೆ ಸರ್ಕಾರದ ಹಣದಲ್ಲಿ ಸಂಶೋಧನೆ ನಡೆಸಿ, ತಿದ್ದಿ ತೀಡಿ ಮಾಡಿದ್ದು. ಕ್ಯಾರೆನ್ ಮಾರ್ಟಿನ್ ಅವರ ಹೆಸರು ಇದರೊಂದಿಗೆ ಸದಾ ಬರುತ್ತದೆ. 2005ರಲ್ಲಿ ಮತ್ತೆ ಪರಿಷ್ಕರಿಸಿದರು. ನನಗೆ ಇಷ್ಟವಾಗಿದ್ದು ಇದೇ: ಆಸ್ಪತ್ರೆಯ ವಾರ್ಡ್‌ನಲ್ಲಿ ಹುಟ್ಟಿದ್ದಲ್ಲ ಇದು. ಚೀಲ ಹೆಗಲಿಗೆ ಹಾಕಿ ಮನೆಗೆ ಹೋದವರು ಮಾಡಿದ್ದು.

ಪಟ್ಟಿಯಲ್ಲಿ 42 ಸಮಸ್ಯೆಗಳಿವೆ, ನಾಲ್ಕು ಭಾಗವಾಗಿ. ಪರಿಸರಕ್ಕೆ ಸೇರಿದ್ದು 4: ಆದಾಯ, ಶುಚಿತ್ವ, ಮನೆ, ನೆರೆಕರೆ ಅಥವಾ ಕೆಲಸದ ಜಾಗದ ಸುರಕ್ಷತೆ. ಮನಸ್ಸು ಮತ್ತು ಸಂಬಂಧಕ್ಕೆ ಸೇರಿದ್ದು 12. ದುಃಖ, ಒಂಟಿತನ, ಆರೈಕೆ ಮಾಡುವವರ ಕಷ್ಟ ಎಲ್ಲ ಇಲ್ಲಿ ಬರುತ್ತವೆ. ದೇಹಕ್ಕೆ ಸೇರಿದ್ದು 18: ನೋವು, ಚರ್ಮ, ಉಸಿರಾಟ, ಮಲವಿಸರ್ಜನೆ ಹೀಗೆ. ಆರೋಗ್ಯದ ಅಭ್ಯಾಸಗಳು 8: ಊಟ, ನಿದ್ದೆ, ಮದ್ದು ತೆಗೆದುಕೊಳ್ಳುವುದು ಮುಂತಾದವು. ಪ್ರತಿ ಸಮಸ್ಯೆಯ ಕೆಳಗೆ ಅದರ ಲಕ್ಷಣಗಳಿವೆ. ಆಮೇಲೆ ನರ್ಸ್ ಏನು ಮಾಡಿದಳು ಅನ್ನುವುದಕ್ಕೆ ನಾಲ್ಕೇ ವರ್ಗ. ಕಲಿಸುವುದು ಮತ್ತು ಸಲಹೆ, ಚಿಕಿತ್ಸೆ ಮತ್ತು ಕೈಕೆಲಸ, ಬೇರೆಯವರನ್ನು ಜೋಡಿಸುವುದು, ನಿಗಾ ಇಡುವುದು.

ಇದರ ಜೀವ ಇರುವುದು ರೇಟಿಂಗ್‌ನಲ್ಲಿ. ಪ್ರತಿ ಸಮಸ್ಯೆಗೆ ಮೂರು ಅಂಕ, ಒಂದರಿಂದ ಐದು. ಮನೆಯವರಿಗೆ ಎಷ್ಟು ಗೊತ್ತಿದೆ, ಅದಕ್ಕೊಂದು. ಗೊತ್ತಿದ್ದದ್ದನ್ನು ಎಷ್ಟು ಮಾಡುತ್ತಿದ್ದಾರೆ, ಅದಕ್ಕೊಂದು. ರೋಗಿಯ ಸ್ಥಿತಿ ಈಗ ಹೇಗಿದೆ, ಅದಕ್ಕೊಂದು. ಐದು ಅಂದರೆ ಒಳ್ಳೆಯದು.

ಕೇಳಲು ಸಣ್ಣ ವಿಷಯ ಅನ್ನಿಸಬಹುದು. ಒಂದು ಮನೆಯ ಉದಾಹರಣೆ ಕೊಡುತ್ತೇನೆ. ಗುರುತು ಸಿಗದ ಹಾಗೆ ಸ್ವಲ್ಪ ಬದಲಿಸಿದ್ದೇನೆ.

ಪೆರ್ಲದ ಆಚೆ, ಗುಡ್ಡೆಯಿಂದ ಕೆಳಗಿಳಿದು ಅಡಕೆ ತೋಟ ದಾಟಿ ಹೋಗಬೇಕಾದ ಮನೆ. ಜೀಪು ಮೇಲೆಯೇ ನಿಲ್ಲುತ್ತದೆ. ಅಜ್ಜನಿಗೆ ಪಾರ್ಶ್ವವಾಯು, ಬಲಗಡೆ ಬಿದ್ದುಹೋಗಿದೆ. ಮನೆಯಲ್ಲಿರುವುದು ಅಜ್ಜಿ ಒಬ್ಬರೇ. ಮಗ ಬೆಂಗಳೂರಿನಲ್ಲಿ. ಅಜ್ಜನ ಸೊಂಟದ ಕೆಳಗೆ, ಮೂಳೆ ಉಬ್ಬಿದ ಜಾಗದಲ್ಲಿ ಚರ್ಮ ಕಿತ್ತು ಕೆಂಪಾಗಿತ್ತು. ಎರಡನೇ ಹಂತದ ಬೆಡ್‌ಸೋರ್, ಮಲಗಿಯೇ ಇರುವುದರಿಂದ ಆಗುವ ಹುಣ್ಣು. ಹಳೆಯ ನೋಟ್‌ಬುಕ್ ತೆಗೆದು ನೋಡಿದರೆ ಹಿಂದೆ ಹೋದ ಪ್ರತಿಯೊಬ್ಬ ಸಿಸ್ಟರೂ ಒಂದೇ ಮಾತು ಬರೆದಿದ್ದರು: ಎರಡು ಗಂಟೆಗೊಮ್ಮೆ ಮಗ್ಗುಲು ಬದಲಿಸಲು ಹೇಳಲಾಗಿದೆ. ಹೇಳಲಾಗಿದೆ, ಹೇಳಲಾಗಿದೆ, ಪುಟ ಪುಟಕ್ಕೂ ಅದೇ.

ಆ್ಯಪ್‌ನಲ್ಲಿ ಚರ್ಮ ಎಂಬ ಸಮಸ್ಯೆ ತೆರೆದೆ. ಗೊತ್ತಿರುವುದಕ್ಕೆ ಎಷ್ಟು ಅಂಕ ಕೊಡುವುದು ಅಂತ ತಿಳಿಯಲು ಅಜ್ಜಿಯನ್ನೇ ಕೇಳಬೇಕಾಯಿತು. ಅವರು ಸರಿಯಾಗಿ ಹೇಳಿದರು. ಯಾವ ಮಗ್ಗುಲಿಗೆ, ಎಷ್ಟು ಹೊತ್ತಿಗೆ, ಮೊಣಕಾಲಿನ ನಡುವೆ ದಿಂಬು ಹೇಗೆ ಇಡಬೇಕು, ಎಲ್ಲ. ಆಮೇಲೆ ಹೇಳಿದರು: "ಎಲ್ಲ ಗೊಂತಿದ್ದು ಸಿಸ್ಟರೇ, ಎನಗೆ ಎತ್ತುಲೆ ಎಡಿತ್ತಿಲ್ಲೆ." ಎಲ್ಲ ಗೊತ್ತಿದೆ, ನನಗೆ ಎತ್ತಲು ಆಗುವುದಿಲ್ಲ ಅಂತ. ಅಜ್ಜ ಎತ್ತರದ ಆಳು. ಅಜ್ಜಿಯ ತೂಕ ಅವರ ಅರ್ಧವೂ ಇರಲಿಕ್ಕಿಲ್ಲ.

ಗೊತ್ತಿರುವುದಕ್ಕೆ ನಾಲ್ಕು ಕೊಟ್ಟೆ. ಮಾಡುವುದಕ್ಕೆ ಎರಡು. ಸ್ಥಿತಿಗೆ ಮೂರು. ಮೂರೂ ಅಂಕ ಸ್ಕ್ರೀನ್ ಮೇಲೆ ಅಕ್ಕಪಕ್ಕ ನಿಂತಾಗ ಮುಂದೇನು ಮಾಡಬೇಕು ಅಂತ ತಾನಾಗಿ ಕಂಡಿತು. ಈ ಅಜ್ಜಿಗೆ ಇನ್ನೊಮ್ಮೆ ಬುದ್ಧಿ ಹೇಳುವುದರಲ್ಲಿ ಏನೂ ಅರ್ಥವಿಲ್ಲ. ಅವರಿಗೆ ಬೇಕಿರುವುದು ಒಂದು ಜೊತೆ ಕೈ. ಆದ್ದರಿಂದ ಕಲಿಸುವ ವರ್ಗ ಬಿಟ್ಟು, ಬೇರೆಯವರನ್ನು ಜೋಡಿಸುವ ವರ್ಗ ಒತ್ತಿದೆ. ಪಕ್ಕದ ಮನೆಯ ರಬ್ಬರ್ ಟ್ಯಾಪಿಂಗ್ ಮಾಡುವ ಹುಡುಗ ಬೆಳಗ್ಗೆ ಕೆಲಸ ಮುಗಿಸಿ ಬಂದಾಗ ಒಮ್ಮೆ, ಸಂಜೆ ಒಮ್ಮೆ ಬರಲು ಒಪ್ಪಿದ. ಆಶಾ ಕಾರ್ಯಕರ್ತೆಯ ಮೂಲಕ ಪಂಚಾಯತ್‌ನಿಂದ ಏರ್‌ಬೆಡ್ ಬಂತು. ಉಳಿದ ಹೊತ್ತಿಗೆ, ಅಜ್ಜನ ಅಡಿಯಲ್ಲಿ ಮಡಚಿದ ಬೆಡ್‌ಶೀಟ್ ಹಾಸಿ ಅದರ ಅಂಚು ಹಿಡಿದು ಸ್ವಲ್ಪ ಓರೆ ಮಾಡುವುದನ್ನು ಅಜ್ಜಿಗೆ ತೋರಿಸಿಕೊಟ್ಟೆ. ಪೂರ್ತಿ ಎತ್ತುವುದು ಬೇಡ, ಅಷ್ಟು ಓರೆಯಾದರೂ ಸಾಕು. ಕೆಲವು ವಾರಗಳ ನಂತರ ಹೋದದ್ದು ನಾನಲ್ಲ, ಕಣ್ಣೂರು ಕಡೆಯ ಹೊಸ ಸಿಸ್ಟರ್. ಅವಳಿಗೆ ನಾನು ಏನೂ ಹೇಳಿ ಕಳಿಸಿರಲಿಲ್ಲ. ಟ್ಯಾಬ್ ನೋಡಿಯೇ ಅವಳು ನೇರವಾಗಿ ಅಜ್ಜಿಯ ಹತ್ತಿರ, "ಆ ಹುಡುಗ ಬರ್ತಾ ಇದ್ದಾನಾ?" ಅಂತ ಕೇಳಿದಳಂತೆ. ಮಾಡುವುದಕ್ಕೆ ನಾಲ್ಕು, ಸ್ಥಿತಿಗೆ ನಾಲ್ಕು ಹಾಕಿ ಬಂದಳು.

ಇದಕ್ಕೇ ನಾನು ಈ ಪಟ್ಟಿಯ ಪರವಾಗಿ ಮಾತಾಡುವುದು.

ಇನ್ನೊಂದು ಲಾಭ ಕಮಿಟಿ ಮೀಟಿಂಗಿನಲ್ಲಿ ಕಂಡಿತು. ತಿಂಗಳ ವರದಿ ತೆಗೆದಾಗ, ನಮ್ಮ ಪಟ್ಟಿಯಲ್ಲಿ ಚರ್ಮ, ನೋವು ಇವುಗಳ ಜೊತೆಗೆ ಆರೈಕೆ ಮಾಡುವವರ ಕಷ್ಟ ಎಂಬುದು ಬಹಳ ಮೇಲೆ ಬಂದಿತ್ತು. ನಮ್ಮ ಕಡೆ ಇದು ಆಶ್ಚರ್ಯವಲ್ಲ. ಎಣ್ಮಕಜೆಯ ಸ್ವರ್ಗ, ಪಡ್ರೆ, ವಾಣಿನಗರದ ಕಡೆ ಎಂಡೋಸಲ್ಫಾನ್ ಪೀಡಿತ ಮಕ್ಕಳಿರುವ ಮನೆಗಳಿವೆ. ಗೇರು ತೋಟಗಳ ಮೇಲೆ ಹೆಲಿಕಾಪ್ಟರಿನಲ್ಲಿ ಇಪ್ಪತ್ತಕ್ಕೂ ಹೆಚ್ಚು ವರ್ಷ ಆ ಕೀಟನಾಶಕ ಸಿಂಪಡಿಸಿ, 2000ದ ಹೊತ್ತಿಗೆ ನಿಲ್ಲಿಸಿದರು. ಆ ಮಕ್ಕಳಲ್ಲಿ ಹಲವರು ಈಗ ದೊಡ್ಡವರು. ಎತ್ತಿ ಕೂರಿಸುವ ಅಮ್ಮಂದಿರಿಗೆ ವಯಸ್ಸಾಗಿದೆ, ಬೆನ್ನು ಹೋಗಿದೆ. ಆದರೆ ರೋಗಿಯ ಕೇಸ್ ಶೀಟಿನಲ್ಲಿ ಅಮ್ಮನ ಬೆನ್ನಿಗೆ ಜಾಗ ಇರಲಿಲ್ಲ. ಈ ಪಟ್ಟಿಯಲ್ಲಿ ಸಮಸ್ಯೆ ಒಬ್ಬ ವ್ಯಕ್ತಿಯದ್ದೋ, ಕುಟುಂಬದ್ದೋ, ಊರಿನದ್ದೋ ಅಂತ ಗುರುತು ಮಾಡಬಹುದು. ಆರೈಕೆಯ ಕಷ್ಟವನ್ನು ಕುಟುಂಬದ ಹೆಸರಲ್ಲಿ ಹಾಕಿದೆವು. ವರದಿ ನೋಡಿದ ಮೇಲೆ ಕಮಿಟಿಯವರು ಇನ್ನೊಂದು ಏರ್‌ಬೆಡ್ ಕೊಳ್ಳುವ ಮಾತು ಬಿಟ್ಟು, ಅಮ್ಮಂದಿರಿಗೆ ಅರ್ಧ ದಿನ ಬಿಡುವು ಕೊಡಲು ಸ್ವಯಂಸೇವಕರ ಪಾಳಿ ಮಾಡಿದರು. ನಾವು ಬಾಯಲ್ಲಿ ಇದನ್ನೇ ಎಷ್ಟು ಸಲ ಹೇಳಿರಲಿಲ್ಲ! ಕಾಗದದಲ್ಲಿ ಬಂದಾಗಲೇ ಕೆಲಸ ಆದದ್ದು.

ಈಗ ಆ್ಯಪ್‌ನ ವಿಷಯ. ಪಟ್ಟಿ ಒಳ್ಳೆಯದಿದ್ದ ಮಾತ್ರಕ್ಕೆ ಆ್ಯಪ್ ಒಳ್ಳೆಯದಾಗುವುದಿಲ್ಲ.

ನನ್ನ ದೊಡ್ಡ ದೂರು ಗುಟ್ಟಿನ ಬಗ್ಗೆ. 42ರಲ್ಲಿ ನಿರ್ಲಕ್ಷ್ಯ ಮತ್ತು ದೌರ್ಜನ್ಯ ಎಂಬ ಎರಡು ಸಮಸ್ಯೆಗಳಿವೆ. ಇರಲೇಬೇಕು. ಹಾಸಿಗೆ ಹಿಡಿದವರಿಗೆ ಊಟ ಕೊಡದ ಮನೆ, ಹೊಡೆಯುವ ಮನೆ ನಮ್ಮ ಕಣ್ಣಿಗೆ ಬೀಳುತ್ತದೆ. ಆದರೆ ಈ ಆ್ಯಪ್‌ನಲ್ಲಿ ಸಮಸ್ಯೆ ಹಾಕಿದ ಕೂಡಲೇ ಅದು ರೋಗಿಯ ಹೆಸರಿನ ಕೆಳಗೆ ಕೆಂಪು ಪಟ್ಟಿಯಾಗಿ ಬರುತ್ತದೆ. ಮೊದಲ ಸ್ಕ್ರೀನಿನಲ್ಲೇ. ಟೀಮಿನ ಎಲ್ಲರಿಗೂ ಕಾಣುತ್ತದೆ, ದಾರಿ ನೋಡಲು ಟ್ಯಾಬ್ ಹಿಡಿಯುವ ಸ್ವಯಂಸೇವಕರಿಗೂ. ಅವರು ಅದೇ ವಾರ್ಡಿನವರು. ಒಳ್ಳೆಯ ಜನ, ಅದರಲ್ಲಿ ಸಂಶಯವಿಲ್ಲ. ಆದರೆ ಆ ಮನೆಯ ಸೊಸೆಯೋ ಮಗನೋ ನಾಳೆ ಅಂಗಡಿಯಲ್ಲಿ ಇವರ ಮುಖ ನೋಡಬೇಕು, ಅಲ್ವಾ? ಮಾತು ಹೊರಗೆ ಬಿದ್ದರೆ ಮುಂದಿನ ಭೇಟಿಗೆ ಬಾಗಿಲು ತೆಗೆಯುವುದಿಲ್ಲ. ಕಷ್ಟ ಆಗುವುದು ಒಳಗೆ ಮಲಗಿದವರಿಗೆ.

ಕಂಪನಿಯವರಿಗೆ ಬರೆದೆವು. ಟೀಮಿನ ಎಲ್ಲರಿಗೂ ಪೂರ್ತಿ ಚಿತ್ರಣ ಇರಬೇಕು ಅಂತ ಉತ್ತರ ಬಂತು. ನಾನು ಇದನ್ನು ಒಪ್ಪುವುದಿಲ್ಲ. ಡ್ರೆಸ್ಸಿಂಗ್ ಸಾಮಾನು ಹೊರುವವರಿಗೆ ಮನೆಯ ದಾರಿ ಗೊತ್ತಿದ್ದರೆ ಸಾಕು. ಯಾರಿಗೆ ಎಷ್ಟು ಕಾಣಬೇಕು ಅಂತ ಬೇರೆ ಬೇರೆ ಮಾಡುವುದು ಸಾಫ್ಟ್‌ವೇರಿನಲ್ಲಿ ಹೊಸ ವಿದ್ಯೆಯೇನಲ್ಲ. ವೈಯಕ್ತಿಕ ಮಾಹಿತಿ ರಕ್ಷಣೆಗೆ ದೇಶದಲ್ಲಿ 2023ರಲ್ಲಿ ಕಾಯ್ದೆಯೇ ಬಂದಿದೆ. ಎರಡನೇ ಪತ್ರದ ನಂತರ ಮುಂದಿನ ವರ್ಷನ್‌ನಲ್ಲಿ ಲಾಕ್ ಕೊಡುತ್ತೇವೆ ಅಂದಿದ್ದಾರೆ. ಅಲ್ಲಿವರೆಗೆ ಆ ಎರಡು ಸಮಸ್ಯೆಗಳನ್ನು ನಾವು ಕಾಗದದಲ್ಲಿ ಬರೆದು ಆಫೀಸಿನ ಕಪಾಟಿನಲ್ಲಿ ಬೀಗ ಹಾಕಿ ಇಡುತ್ತೇವೆ.

ಎರಡನೆಯದು, "ಹಿಂದಿನ ಭೇಟಿಯಂತೆ" ಅನ್ನುವ ಒಂದು ಬಟನ್. ಒತ್ತಿದರೆ ಹಿಂದಿನ ಸಲ ಬರೆದದ್ದೆಲ್ಲ ಇವತ್ತಿನ ತಾರೀಖಿಗೆ ಬರುತ್ತದೆ. ಸಮಯ ಉಳಿಯುತ್ತದೆ ಅಂತ ಕೊಟ್ಟದ್ದು. ಒಬ್ಬರಿಗೆ ಕ್ಯಾತೀಟರ್ ತೆಗೆದು ಎಷ್ಟೋ ದಿನ ಆದ ಮೇಲೂ ಆ್ಯಪ್‌ನಲ್ಲಿ ಕ್ಯಾತೀಟರ್ ಹಾಗೇ ಇತ್ತು. ಮಂಗಳೂರಿನ ಆಸ್ಪತ್ರೆಗೆ ಕಳಿಸುವಾಗ ಪ್ರಿಂಟ್ ನೋಡಿದ ಡಾಕ್ಟರ್ ಫೋನ್ ಮಾಡಿ ಕೇಳಿದರು. ರೇಟಿಂಗ್ ಪ್ರತಿ ಸಲ ಹೊಸದಾಗಿ ಯೋಚಿಸಿ ಹಾಕಬೇಕಾದ್ದು. ಅದನ್ನೂ ನಕಲು ಮಾಡಿದರೆ ಈ ಇಡೀ ಪಟ್ಟಿಯಿಂದ ಏನು ಪ್ರಯೋಜನ? ಇಲ್ಲಿ ಕಂಪನಿಯವರು ಬೇಗ ಸ್ಪಂದಿಸಿದರು ಅಂತ ಹೇಳಲೇಬೇಕು. ಈಗ ನಮ್ಮ ಯೂನಿಟ್‌ಗೆ ಆ ಬಟನ್ ಬರುವುದಿಲ್ಲ. ವಿಳಾಸ, ಫೋನ್, ಮನೆಯ ವಿವರ ಮಾತ್ರ ತಾನಾಗಿ ಬರುತ್ತದೆ.

ಮೂರನೆಯದು ಅಂಕಗಳ ಗೊಂದಲ. ಒಂದೇ ಸ್ಕ್ರೀನಿನಲ್ಲಿ ಮೂರು ತರದ ಅಂಕ ಇವೆ. ನೋವಿಗೆ ಸೊನ್ನೆಯಿಂದ ಹತ್ತು. ಅದರಲ್ಲಿ ಹತ್ತು ಅಂದರೆ ತಡೆಯಲಾಗದ ನೋವು. ಪಕ್ಕದಲ್ಲೇ ಒಮಾಹಾದ ಒಂದರಿಂದ ಐದು. ಅದರಲ್ಲಿ ಐದು ಅಂದರೆ ಚೆನ್ನಾಗಿದೆ. ಅದರ ಕೆಳಗೆ ಬೆಡ್‌ಸೋರ್ ಅಪಾಯ ಅಳೆಯುವ ಬ್ರೇಡನ್ ಸ್ಕೇಲ್. 1987ರಿಂದ ಜಗತ್ತಿನೆಲ್ಲೆಡೆ ಬಳಕೆಯಲ್ಲಿರುವ ಒಳ್ಳೆಯ ಸಾಧನ ಅದು, ಆರು ಅಂಶ ನೋಡಿ 6ರಿಂದ 23ರ ವರೆಗೆ ಅಂಕ ಕೊಡುತ್ತದೆ. 18 ಅಥವಾ ಅದಕ್ಕಿಂತ ಕಡಿಮೆ ಬಂದರೆ ಅಪಾಯ. ಅಂದರೆ ಒಂದರಲ್ಲಿ ಜಾಸ್ತಿ ಆದರೆ ಕೆಟ್ಟದ್ದು, ಎರಡರಲ್ಲಿ ಜಾಸ್ತಿ ಆದರೆ ಒಳ್ಳೆಯದು. ಮೂರಕ್ಕೂ ಒಂದೇ ನೀಲಿ ಬಣ್ಣ, ಒಂದೇ ಅಳತೆಯ ಡಬ್ಬಿ. ಬಿಸಿಲಿನಲ್ಲಿ, ಜಗಲಿಯಲ್ಲಿ ನಿಂತು, ಒಂದು ಕೈಯಲ್ಲಿ ಟ್ಯಾಬ್ ಹಿಡಿದು ತುಂಬುವವರಿಗೆ ಇದು ಅಪಾಯ. ಪ್ರತಿ ಅಂಕದ ಪಕ್ಕ ಅದರ ಅರ್ಥ ಒಂದು ಸಾಲಿನಲ್ಲಿ ಬರಲಿ ಅಂತ ಕೇಳಿದ್ದೇವೆ. ಒಮಾಹಾದಲ್ಲಿ ಪ್ರತಿ ಅಂಕಕ್ಕೂ ಅರ್ಥ ಬರೆದಿದೆ, ಸುಮ್ನೆ ತಂದು ಹಾಕಿದರೆ ಆಯಿತು.

ಭಾಷೆ. ಆ್ಯಪ್ ಬಂದಾಗ ಮಲಯಾಳಂ ಮತ್ತು ಇಂಗ್ಲಿಷ್ ಮಾತ್ರ ಇತ್ತು. ಕಾಸರಗೋಡಿನಲ್ಲಿ ಕನ್ನಡದವರಿಗೆ ಇದು ಹೊಸ ಅನುಭವ ಅಲ್ಲ. ಕೇಳಿದ ಮೇಲೆ ಕನ್ನಡ ಸೇರಿಸಿದರು. ಈಗ ನಾನು ಕನ್ನಡದಲ್ಲಿ ತುಂಬಿದ್ದನ್ನು ಕಣ್ಣೂರಿನ ಸಿಸ್ಟರ್ ಮಲಯಾಳಂನಲ್ಲಿ ಓದುತ್ತಾಳೆ, ಅಂಕವೂ ಸಮಸ್ಯೆಯೂ ಅದೇ ಇರುತ್ತದೆ. ಇದು ದೊಡ್ಡ ಉಪಕಾರ. ಆದರೆ ಪ್ರಿಂಟ್ ತೆಗೆದರೆ ಒತ್ತಕ್ಷರಗಳು ಒಡೆದು ಚೆಲ್ಲಾಪಿಲ್ಲಿ. ಮನೆಯಲ್ಲಿ ಬಿಟ್ಟು ಬರುವ ಹಾಳೆ ಅದು. ಮದ್ದಿನ ಹೊತ್ತು, ಯಾವಾಗ ಫೋನ್ ಮಾಡಬೇಕು ಎಲ್ಲ ಅದರಲ್ಲಿರುತ್ತದೆ. ಮಲಯಾಳಂ ಶಾಲೆಗೆ ಹೋಗುವ ಮೊಮ್ಮಗಳು ಸಂಜೆ ಬರುವವರೆಗೆ ಅಜ್ಜಿ ಕಾಯಬೇಕಾ? ನಾವು ಈಗಲೂ ಆ ಹಾಳೆಯನ್ನು ಕೈಯಲ್ಲಿ ಬರೆದು ಕೊಡುತ್ತೇವೆ.

ಹುಡುಕುವ ಡಬ್ಬಿಯೂ ಅಷ್ಟೇ. ಪುಸ್ತಕದ ಶಬ್ದ ಹಾಕಿದರೆ ಮಾತ್ರ ಸಿಗುತ್ತದೆ. ಮನೆಯವರು ಹೇಳುವ ಮಾತು, "ತಲೆ ತಿರುಗುತ್ತದೆ", "ಹೊಟ್ಟೆ ಕಟ್ಟಿದೆ" ಅಂತ ಹಾಕಿದರೆ ಏನೂ ಬರುವುದಿಲ್ಲ. 42ನ್ನೂ ಉರುಳಿಸುತ್ತಾ ಹೋಗಬೇಕು.

ನೆಟ್‌ವರ್ಕ್ ಇಲ್ಲದ ಕಡೆ ಚೆನ್ನಾಗಿ ನಡೆಯುತ್ತದೆ. ಇದಕ್ಕೆ ಪೂರ್ತಿ ಅಂಕ. ಗುಡ್ಡೆಯ ಕೆಳಗೆ ಸಿಗ್ನಲ್ ಸಿಗದಿದ್ದರೂ ಎಲ್ಲ ತುಂಬಿ, ಮೇಲೆ ಪೇಟೆಗೆ ಬಂದ ಮೇಲೆ ತಾನೇ ಸಿಂಕ್ ಆಗುತ್ತದೆ. ಮಳೆಗಾಲದಲ್ಲಿ ಕರೆಂಟು ಹೋಗಿ ಎರಡು ದಿನ ಬರದಿದ್ದಾಗಲೂ ಏನೂ ಕಳೆದುಹೋಗಲಿಲ್ಲ.

ಬೇರೆ ಆಸ್ಪತ್ರೆಗೆ ಕಳಿಸುವುದು ಮಾತ್ರ ಬೇಸರದ ಸಂಗತಿ. ನಮ್ಮ ಕಡೆಯವರಿಗೆ ದೊಡ್ಡ ಕಾಯಿಲೆ ಅಂದರೆ ಮಂಗಳೂರು. ರಾಜ್ಯ ಬೇರೆ, ಆಸ್ಪತ್ರೆ ಬೇರೆ, ಕಂಪ್ಯೂಟರ್ ಬೇರೆ. ಈ ಆ್ಯಪ್‌ನಿಂದ ಹೊರಗೆ ಬರುವುದು ಒಂದು ಪಿಡಿಎಫ್ ಮಾತ್ರ. ಅಲ್ಲಿಯ ಸಿಸ್ಟರ್ ಅದನ್ನು ಓದಿ ಮತ್ತೆ ತಮ್ಮದರಲ್ಲಿ ಟೈಪ್ ಮಾಡಬೇಕು. ಓದಲು ಪುರುಸೊತ್ತು ಯಾರಿಗಿದೆ? ಇದಕ್ಕೆ ದಾರಿ ಇಲ್ಲ ಅಂತಲ್ಲ. ಕಾಯಿಲೆ, ಚಿಕಿತ್ಸೆಗಳ ಹೆಸರನ್ನು ಎಲ್ಲ ಕಂಪ್ಯೂಟರ್‌ಗೂ ಒಂದೇ ರೀತಿ ಅರ್ಥವಾಗುವ ಹಾಗೆ ಬರೆಯುವ, ಸ್ನೋಮೆಡ್ ಸಿಟಿ ಎಂಬ ದೊಡ್ಡ ಸಂಕೇತ ಪಟ್ಟಿಗೆ ಭಾರತ 2014ರಲ್ಲೇ ಸದಸ್ಯ ದೇಶವಾಗಿದೆ. ದೇಶದೊಳಗೆ ಬಳಸಲು ಲೈಸೆನ್ಸಿಗೆ ದುಡ್ಡು ಕೊಡಬೇಕಿಲ್ಲ. ಪುಣೆಯ ಸಿ-ಡ್ಯಾಕ್ ಎಂಬ ಸರ್ಕಾರಿ ಕಂಪ್ಯೂಟರ್ ಸಂಸ್ಥೆಯಲ್ಲಿ ಅದರ ರಾಷ್ಟ್ರೀಯ ಕೇಂದ್ರ ಇದೆ. ಕೇಂದ್ರ ಆರೋಗ್ಯ ಇಲಾಖೆ 2016ರಲ್ಲಿ ಹೊರಡಿಸಿದ ವಿದ್ಯುನ್ಮಾನ ದಾಖಲೆಗಳ ಮಾನದಂಡದಲ್ಲೂ ಅದರ ಹೆಸರಿದೆ. ಒಮಾಹಾದ ಶಬ್ದಗಳನ್ನು ಅದಕ್ಕೆ ಜೋಡಿಸುವ ಕೆಲಸವೂ ಆಗಿದೆ. ಆದರೆ ಈ ಕಂಪನಿ ಒಳಗೆ ತನ್ನದೇ ನಂಬರ್ ಇಟ್ಟುಕೊಂಡಿದೆ. ನಾಳೆ ಆ್ಯಪ್ ಬದಲಿಸಬೇಕಾದರೆ ನಮ್ಮ ರೋಗಿಗಳ ಇಷ್ಟು ದಿನದ ದಾಖಲೆ ಅಲ್ಲೇ ಸಿಕ್ಕಿಹಾಕಿಕೊಳ್ಳುತ್ತದೆ.

ಕೆಲವರು ಕೇಳುತ್ತಾರೆ, ನರ್ಸಿಂಗ್ ಕಾಲೇಜಿನಲ್ಲಿ ಕಲಿತ ನಾಂಡಾ ಎಂಬ ಪಟ್ಟಿ ಯಾಕೆ ಬೇಡ ಅಂತ. ನಾನು ಗಲ್ಫ್‌ನಲ್ಲಿ ಕೆಲಸ ಮಾಡಿದ ಆಸ್ಪತ್ರೆಯಲ್ಲಿ ಅದೇ ಇತ್ತು. ನರ್ಸ್ ಗುರುತಿಸುವ ಸಮಸ್ಯೆಗೆ (ನರ್ಸಿಂಗ್ ಡಯಾಗ್ನೋಸಿಸ್‌ಗೆ) ನಾಂಡಾ, ಮಾಡುವ ಕೆಲಸಕ್ಕೆ ನಿಕ್, ಫಲಿತಾಂಶಕ್ಕೆ ನಾಕ್ ಎಂಬ ಪಟ್ಟಿಗಳು. 1973ರಲ್ಲಿ ಸೇಂಟ್ ಲೂಯಿಸ್‌ನಲ್ಲಿ ನರ್ಸ್‌ಗಳು ಸೇರಿ, ನಾವು ಗುರುತಿಸುವ ಸಮಸ್ಯೆಗಳಿಗೆ ನಾವೇ ಹೆಸರಿಡಬೇಕು ಅಂತ ಹೊರಟಲ್ಲಿಂದ ಬೆಳೆದದ್ದು ನಾಂಡಾ. ಅವರ ಮೇಲೆ ನನಗೆ ತುಂಬಾ ಗೌರವ ಇದೆ. ಐಸಿಯು, ಸರ್ಜಿಕಲ್ ವಾರ್ಡಿಗೆ ಆ ಆಳ ಬೇಕು. ನಿಕ್ ಮತ್ತು ನಾಕ್ ಅಯೋವಾ ವಿಶ್ವವಿದ್ಯಾಲಯದಲ್ಲಿ ಬೆಳೆದವು, ಒಂದೊಂದರಲ್ಲೂ ನೂರಾರು ಶಬ್ದಗಳಿವೆ. ಆದರೆ ಸಾಫ್ಟ್‌ವೇರಿನಲ್ಲಿ ಹಾಕಲು ಇವುಗಳಿಗೆ ಲೈಸೆನ್ಸ್ ಬೇಕು, ಅದಕ್ಕೆ ಹಣ ಬೇಕು. ದಾನಿಗಳ ದುಡ್ಡಿನಲ್ಲಿ ನಡೆಯುವ ನಮ್ಮಂಥ ಯೂನಿಟ್‌ಗೆ ಅದು ಭಾರ. ಒಮಾಹಾ ಎಲ್ಲರಿಗೂ ಉಚಿತ. ಅಷ್ಟೇ ಅಲ್ಲ, ನಮ್ಮ ಜೊತೆ ಬರುವ ಆಶಾ ಕಾರ್ಯಕರ್ತೆಗೂ 42 ಹೆಸರು ಅರ್ಥವಾಗುತ್ತವೆ. ಮನೆ, ನಿದ್ದೆ, ನೋವು, ಊಟ. ಇದರಲ್ಲಿ ತಲೆಗೆ ಹತ್ತದ್ದು ಏನಿದೆ?

ತರಬೇತಿ ಸಾಲದು. ಒಂದು ಮಧ್ಯಾಹ್ನ ಆನ್‌ಲೈನ್‌ನಲ್ಲಿ ಯಾವ ಬಟನ್ ಎಲ್ಲಿದೆ ಅಂತ ತೋರಿಸಿದರು. ಬಟನ್ ಯಾರಿಗಾದರೂ ಗೊತ್ತಾಗುತ್ತದೆ. ಮೂರು ಯಾವಾಗ, ಎರಡು ಯಾವಾಗ ಎಂಬುದಕ್ಕೆ ಎಲ್ಲರ ಕೈಯೂ ಒಂದೇ ರೀತಿ ಕೂರಬೇಕು. ಅದನ್ನು ನಾವೇ ಮಾಡಿಕೊಂಡೆವು. ಶನಿವಾರ ಫೀಲ್ಡ್ ಮುಗಿಸಿ ಬಂದು, ಒಂದೇ ಮನೆಯ ವಿಷಯ ಹೇಳಿ, ಪ್ರತಿಯೊಬ್ಬರೂ ಬೇರೆ ಬೇರೆಯಾಗಿ ಅಂಕ ಬರೆದು ಆಮೇಲೆ ತೋರಿಸುವುದು. ಶುರುವಿನಲ್ಲಿ ಒಬ್ಬರದ್ದು ಎರಡು, ಇನ್ನೊಬ್ಬರದ್ದು ನಾಲ್ಕು. ಜೋರು ಚರ್ಚೆ ಆಗುತ್ತಿತ್ತು. ಈಗ ಹೆಚ್ಚಾಗಿ ಒಂದೇ ಬರುತ್ತದೆ. ಯಾರೇ ಇದನ್ನು ತೆಗೆದುಕೊಂಡರೂ ಈ ಅಭ್ಯಾಸ ಬಿಡಬೇಡಿ. ಮತ್ತೆ, ಮೊದಲ ದಿನವೇ ಒಂದು ಮನೆಗೆ ಹತ್ತು ಸಮಸ್ಯೆ ಹಾಕಲು ಹೋಗಬೇಡಿ. ಈಗ ಕೈ ಹಾಕಬೇಕಾದ ಎರಡು ಮೂರು ಸಾಕು. ಉಳಿದದ್ದು ಬರೆಯಲು ಕೆಳಗೆ ಒಂದು ಟಿಪ್ಪಣಿ ಡಬ್ಬಿ ಇದೆ, ಕಣ್ಣಿಗೆ ಬೀಳದ ಮೂಲೆಯಲ್ಲಿ. ಅದನ್ನು ಹುಡುಕಿ ಬಳಸಿ. ಅಜ್ಜಿ ಹೇಳಿದ ಮಾತು ಹಾಗೇ ಬರೆಯಲು ಅದೊಂದೇ ಜಾಗ.

ಸಮಯದ ಬಗ್ಗೆ: ಹೊಸ ರೋಗಿಗೆ ಅರ್ಧ ಗಂಟೆ ಹಿಡಿಯುತ್ತದೆ. ಆಮೇಲಿನ ಭೇಟಿಗಳಲ್ಲಿ ನೋಟ್‌ಬುಕ್ ಬರೆಯುವಷ್ಟೇ ಹೊತ್ತು. ಟ್ಯಾಬ್ ನೋಡುತ್ತಾ ರೋಗಿಯ ಮುಖ ನೋಡದಿರುವುದು ಬೇಡ. ನಾನು ಕೆಲಸ ಎಲ್ಲ ಮುಗಿಸಿ, ಕೈ ತೊಳೆದು, ಮನೆಯವರು ಕೊಟ್ಟ ನೀರು ಬೆಲ್ಲ ಆದ ಮೇಲೆ, ಅವರ ಎದುರೇ ಕೂತು ತುಂಬುತ್ತೇನೆ. ಅಂಕ ಅವರಿಗೂ ಹೇಳುತ್ತೇನೆ.

ಐದರಲ್ಲಿ ಮೂರೂವರೆ ಕೊಡುತ್ತೇನೆ. ಮನೆ ಭೇಟಿ ಮಾಡುವ ಸಣ್ಣ ಯೂನಿಟ್‌ಗಳು ತೆಗೆದುಕೊಳ್ಳಬಹುದು, ದುಡ್ಡು ಕೊಡುವ ಮೊದಲು ಡೆಮೊದಲ್ಲಿ ಮೂರು ಕೆಲಸ ಮಾಡಿಸಿ ನೋಡಿ. ದೌರ್ಜನ್ಯ ಎಂಬ ಸಮಸ್ಯೆ ಹಾಕಿ, ಸ್ವಯಂಸೇವಕರ ಲಾಗಿನ್‌ನಲ್ಲಿ ಅದು ಕಾಣುತ್ತದಾ ನೋಡಿ. ಕನ್ನಡದಲ್ಲಿ ಒಂದು ಹಾಳೆ ಪ್ರಿಂಟ್ ತೆಗೆದು ಅಲ್ಲೇ ಓದಿ. ಒಪ್ಪಂದ ಮುಗಿದ ದಿನ ನಮ್ಮ ದಾಖಲೆಯನ್ನು ಯಾವ ರೂಪದಲ್ಲಿ ಕೊಡುತ್ತೀರಿ ಅಂತ ಕೇಳಿ, ಉತ್ತರವನ್ನು ಬರವಣಿಗೆಯಲ್ಲಿ ಪಡೆದುಕೊಳ್ಳಿ. ವಿಟ್ಲದ ಸಿಸ್ಟರ್ ಕೇಳಿದ್ದಕ್ಕೂ ಉತ್ತರ ಇದೇ: ಕರ್ನಾಟಕದಲ್ಲೂ ನಡೆಯುತ್ತದೆ. ಲಾಕ್ ಇರುವ ವರ್ಷನ್ ಬರುವವರೆಗೆ ಕಾಯುವುದಾದರೆ ಕಾಯಿರಿ, ಬಂದ ಕೂಡಲೇ ಇಲ್ಲೇ ತಿಳಿಸುತ್ತೇನೆ.